ಫೈಬರ್ ಹಿಡಿ ಇದ್ದರೆ ಕೋವಿ ತುಕ್ಕು ಹಿಡಿಯಲ್ವಾ?

ಮಳೆ ಶುರುವಾದರೆ ಶಿರಸಿ, ಕಾರವಾರ ಕಡೆಯ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ: ಕೋವಿಯ ಮರದ ಹಿಡಿ ತೆಗೆಸಿ, ಫೈಬರ್ ಹಾಕಿಸಿ, ತುಕ್ಕಿನ ಚಿಂತೆಯೇ ಇಲ್ಲ ಅಂತ. ಒಳ್ಳೆ ಮನಸ್ಸಿನಿಂದಲೇ ಕಳಿಸಿರುತ್ತಾರೆ.

ಮರ ನೀರು ಕುಡಿದು ಉಬ್ಬುತ್ತದೆ, ಫೈಬರ್ ಅಷ್ಟಾಗಿ ಉಬ್ಬುವುದಿಲ್ಲ. ಅಷ್ಟು ನಿಜ. ಆದರೆ ತುಕ್ಕು ಹಿಡಿಯುವುದು ಉಕ್ಕಿನ ನಳಿಗೆಗೆ, ಹಿಡಿಗಲ್ಲ. ಹಿಡಿ ಮರದ್ದಾದರೂ ಫೈಬರಿನದ್ದಾದರೂ ಕಡಲ ಉಪ್ಪುಗಾಳಿಗೆ ಒಂದೇ. ಫೈಬರ್ ಹಿಡಿಗೂ ನಳಿಗೆಗೂ ನಡುವಿನ ಸಂದಿಯಲ್ಲೂ ನೀರು ನಿಲ್ಲುತ್ತದೆ.

ನೀವೇ ನೋಡಬಹುದು. ಮೊದಲು ಕಾಡತೂಸು ತೆಗೆದು, ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ನಳಿಗೆ ಹಿಡಿಗೆ ಸೇರುವ ಜಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಕಂದುಗೆಂಪು ಕಲೆ ಬಂದರೆ ತುಕ್ಕು ಶುರುವಾಗಿದೆ. ಒಣಗಿಸಿ, ತುಕ್ಕನ್ನು ಉಜ್ಜಿ ತೆಗೆದು, ತೆಳ್ಳಗೆ ಎಣ್ಣೆ ಸವರಿ. ಹಾಗೆಯೇ ಮೆಸೇಜಿನ ಕೊನೆಯಲ್ಲಿ ಹಿಡಿ ಮಾರುವವರ ನಂಬರ್ ಇದೆಯಾ ಅಂತಲೂ ನೋಡಿ.