ತೊಡೆಸಂದಿನ ಉಬ್ಬನ್ನು ಮುಚ್ಚಿಡಬೇಡಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಗೋಣಿ ಹೊತ್ತು ದುಡಿದ ಗಂಡಸರಲ್ಲಿ ಹಲವರು ತೊಡೆಸಂದಿನಲ್ಲಿ ಕಾಣಿಸಿಕೊಂಡ ಉಬ್ಬನ್ನು ವರ್ಷಗಟ್ಟಲೆ ಮನೆಯವರಿಗೂ ಹೇಳುವುದಿಲ್ಲ. ಇದಕ್ಕೆ ಬಡತನಕ್ಕಿಂತ ನಾಚಿಕೆಯೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ನಮ್ಮ ನೆರೆಮನೆಯ ಹಿರಿಯರೊಬ್ಬರು ಮೆಡಿಕಲ್‌ನಿಂದ ತಂದ ಬೆಲ್ಟನ್ನು ಮುಂಡಿನೊಳಗೆ ಬಿಗಿದುಕೊಂಡು, ಅದರ ಅಂಚು ತಾಗಿ ಚರ್ಮ ಕೆಂಪಾಗಿದ್ದರೂ, “ಮಲಗಿದರೆ ಒಳಗೆ ಹೋಗ್ತದೆ ಮಾರಾಯ್ರೆ, ಏನೂ ತೊಂದರೆ ಇಲ್ಲ” ಎನ್ನುತ್ತಿದ್ದರು. ಬೆಲ್ಟು ಉಬ್ಬನ್ನು ಒತ್ತಿ ಹಿಡಿದೀತೇ ಹೊರತು, ಹೊಟ್ಟೆಯ ಸ್ನಾಯುಗೋಡೆಯಲ್ಲಿ ಬಿಟ್ಟ ಸಂದನ್ನು ಮುಚ್ಚಲಾರದು.

ಆ ಸಂದಿನ ಮೂಲಕ ಒಳಗಿನ ಕೊಬ್ಬೋ ಕರುಳಿನ ಭಾಗವೋ ಹೊರಚಾಚುವುದೇ ಹರ್ನಿಯಾ. ಭಾರ ಎತ್ತುವುದೊಂದೇ ಇದಕ್ಕೆ ಕಾರಣವಲ್ಲ. ಹುಟ್ಟಿನಿಂದಲೇ ಮುಚ್ಚದೆ ಉಳಿದ ದಾರಿ, ಬೀಡಿ ಸೇದುವವರ ಬಿಡದ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ಊದಿ ಮೂತ್ರಕ್ಕೆ ತಿಣುಕುವುದು ಕೂಡ ದಾರಿ ಮಾಡಿಕೊಡುತ್ತವೆ.

ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವ ತೊಡೆಸಂದಿನ ಇಂಗ್ವೈನಲ್ ಹರ್ನಿಯಾ ಎಲ್ಲಕ್ಕಿಂತ ಸಾಮಾನ್ಯವಾದುದು. ನೋವಿಲ್ಲದಿದ್ದರೆ ಅದನ್ನು ಸರ್ಜನ್ ಸಲಹೆಯಂತೆ ಕೆಲಕಾಲ ಗಮನಿಸುತ್ತಿರಬಹುದು. ಆದರೆ ಅದಕ್ಕಿಂತ ತುಸು ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಬರುವ ಫೀಮೊರಲ್ ಹರ್ನಿಯಾ ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಹೆಚ್ಚು. ಅದರ ದಾರಿ ಇಕ್ಕಟ್ಟಾಗಿರುವುದರಿಂದ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು. ಹರ್ನಿಯಾ ಗಂಡಸರ ಕಾಯಿಲೆಯೆಂದೇ ತಿಳಿದ ನಮ್ಮ ಮನೆಗಳಲ್ಲಿ ಅಮ್ಮಂದಿರ, ಅಜ್ಜಿಯಂದಿರ ಇಂತಹ ಸಣ್ಣ ಗಂಟು ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬುದೇ ನನ್ನ ದೊಡ್ಡ ಆತಂಕ.

ಹಸುಗೂಸುಗಳ ಹೊಕ್ಕುಳಿನ ಹರ್ನಿಯಾ ಹೆಚ್ಚಾಗಿ 4-5 ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಅದಕ್ಕೆ ನಾಣ್ಯ ಕಟ್ಟಬೇಕಾಗಿಲ್ಲ. ದೊಡ್ಡವರಲ್ಲಿ ಹಾಗೆ ಮುಚ್ಚುವುದಿಲ್ಲ. ಸಿಸೇರಿಯನ್‌ನಂತಹ ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಜಾಗದಲ್ಲೂ ಹರ್ನಿಯಾ ಬರಬಹುದು. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಯ ಮೂಲಕ ಜಠರ ಮೇಲೆ ಸರಿಯುವ ಹಯಾಟಸ್ ಹರ್ನಿಯಾ ಹೊರಗೆ ಕಾಣುವುದಿಲ್ಲ, ಎದೆಯುರಿಯಾಗಿ ಕಾಡುತ್ತದೆ.

ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ಜೋರಾದ ನೋವು, ವಾಂತಿ ಶುರುವಾದರೆ ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಗಂಟೆಗಳೊಳಗೆ ಅದು ಕೊಳೆಯಲು ತೊಡಗುತ್ತದೆ. ಉಜ್ಜುತ್ತ, ಒತ್ತುತ್ತ ಕೂರದೆ ಕೂಡಲೇ ಹೊರಡಬೇಕು. ಮಂಗಳೂರಿನ ಆಸ್ಪತ್ರೆಯನ್ನೇ ನೆಚ್ಚಿಕೊಂಡ ನಾವು 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಕಂಡವರು. ತುರ್ತು ಬರುವ ಮೊದಲೇ, ದಿನ ನೋಡಿ ಆ ಸಂದಿಗೆ ಬಲೆ (ಮೆಶ್) ಹಾಕಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಎಷ್ಟೋ ಸುರಕ್ಷಿತ. ಆಮೇಲೆ ಕೆಲವು ವಾರ ಭಾರ ಎತ್ತಬಾರದು. ತೋಟದ ಧನಿಗಳು ಆ ದಿನಗಳಲ್ಲಿ ಕೆಲಸದವರನ್ನು ಗೋಣಿ ಹೊರಲು ಕರೆಯದೆ, ಕುಳಿತು ಅಡಿಕೆ ಹೆಕ್ಕುವ ಕೆಲಸ ಕೊಟ್ಟು ಕೂಲಿ ಉಳಿಸಿಕೊಡಲಿ.