ವೇದಿಕೆ ಇಳಿದು ಅಂಗಡಿಗೆ ಬರಲಿ ಪುಸ್ತಕ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಲೇಖಕರೊಬ್ಬರು ಊರಿಗೆ ಬರುತ್ತಾರೆಂದರೆ ಮೊದಲು ಗೊತ್ತಾಗುವುದು ರಂಗಮಂದಿರ, ಆಮೇಲೆ ಫ್ಲೆಕ್ಸು, ಆಮೇಲೆ ವೇದಿಕೆ ಮೇಲೆ ಯಾರ್‍ಯಾರು ಕೂಡಬೇಕೆಂಬ ಲೆಕ್ಕ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಮುಖ್ಯ ಅತಿಥಿಗಳ ಮಾತು, ಶಾಲು-ಹಾರ ಎಲ್ಲ ಮುಗಿದು ಲೇಖಕರ ಕೈಗೆ ಮೈಕು ಬರುವಷ್ಟರಲ್ಲಿ ಹಿಂದಿನ ಸಾಲು ಖಾಲಿ. ಪುಸ್ತಕ ಮಾರುವವರು ಬಾಗಿಲಾಚೆ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಮೇಜು ಹಾಕಿಕೊಂಡು ಕೂತಿರುತ್ತಾರೆ.

ನಾನಿರುವ ಅಮೆರಿಕದ ಸಿಯಾಟಲ್‌ನಲ್ಲಿ ಲೇಖಕರು ಬರುವುದು ಪುಸ್ತಕದಂಗಡಿಗೆ. 1973ರಲ್ಲಿ ಶುರುವಾದ ಎಲಿಯಟ್ ಬೇ ಬುಕ್ ಕಂಪನಿ 2010ರಲ್ಲಿ ಬೇರೆ ಬಡಾವಣೆಗೆ ಹೋದಮೇಲೂ ಈ ಪದ್ಧತಿ ಬಿಟ್ಟಿಲ್ಲ. ಲೇಖಕರು ಹದಿನೈದಿಪ್ಪತ್ತು ನಿಮಿಷ ಓದುತ್ತಾರೆ, ಪುಸ್ತಕ ಓದಿಕೊಂಡು ಬಂದ ಇನ್ನೊಬ್ಬರು ಅಷ್ಟೇ ಹೊತ್ತು ಮಾತಾಡಿಸುತ್ತಾರೆ, ಕಾಲು ಗಂಟೆ ಪ್ರಶ್ನೆ, ಆಮೇಲೆ ಸಹಿ. ಒಟ್ಟು ಒಂದು ತಾಸು. ಈ ಅಚ್ಚುಕಟ್ಟು ನಮ್ಮ ಕಡೆಯ ಸಣ್ಣ ಅಂಗಡಿಗಳಿಗೆ ಖಂಡಿತ ಬೇಕು. ಆದರೆ ಹಾಗೇ ಎತ್ತಿ ತಂದರೆ ಒಗ್ಗದು.

ಮೊದಲು ಹೊತ್ತು. ಅಮೆರಿಕದಲ್ಲಿ ಸ್ವತಂತ್ರ ಪುಸ್ತಕದಂಗಡಿಗಳ ದಿನ ಬರುವುದು ಏಪ್ರಿಲ್ ಕೊನೆಯ ಶನಿವಾರ. ಆ ಹೊತ್ತಿಗೆ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿ, ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತಿರುತ್ತವೆ. ಬೇಸಿಗೆಯಲ್ಲಿ ಮಾಡಲೇಬೇಕೆಂದರೆ ಬೆಳಗ್ಗೆ 7.30 ಇಲ್ಲವೆ ಸಂಜೆ 6.30ರ ಮೇಲೆ. ನವೆಂಬರ್ ಹಿತವೇ, ಆದರೆ ರಾಜ್ಯೋತ್ಸವದ ತಿಂಗಳು ಲೇಖಕರೇ ಸಿಗುವುದಿಲ್ಲ. ಡಿಸೆಂಬರ್, ಫೆಬ್ರವರಿ ವಾಸಿ. ಕೊಪ್ಪಳದವರು ಜನವರಿಯಲ್ಲಿ ಗವಿಮಠದ ಜಾತ್ರೆಯ ದಿನಗಳನ್ನು ನೋಡಿಕೊಂಡೇ ತಾರೀಖು ಹಾಕಬೇಕು; ಊರೆಲ್ಲ ಅಲ್ಲಿರುವಾಗ ಅಂಗಡಿಗೆ ಬರುವವರು ಯಾರು?

ಇನ್ನು ಜಾಗ. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಅಂಗಡಿಯಲ್ಲಿ ರ್‍ಯಾಕುಗಳು, ಗಲ್ಲಾ ಹೋಗಿ 250 ಚದರಡಿ ಉಳಿದರೆ ಹೆಚ್ಚು. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಮೂವತ್ತೈದಕ್ಕೆ ಮುಗಿಯಿತು. ಇಲ್ಲಿ ನಮ್ಮ ಜಮಖಾನವೇ ಮೇಲು: ಅದೇ ಜಾಗದಲ್ಲಿ ಐವತ್ತು ಅರವತ್ತು ಜನ ಕೂಡುತ್ತಾರೆ, ಹಿರಿಯರಿಗೆ ಗೋಡೆಗುಂಟ ಹತ್ತು ಕುರ್ಚಿ ಸಾಕು. ನಡುವಿನ ರ್‍ಯಾಕುಗಳಿಗೆ ಚಕ್ರ ಕೂಡಿಸಿಟ್ಟರೆ ಇಬ್ಬರು ಹುಡುಗರು ಹತ್ತು ನಿಮಿಷದಲ್ಲಿ ಬದಿಗೆ ಸರಿಸಬಹುದು. ಮೈಕನ್ನು ಫ್ಯಾನಿನ ಕೆಳಗೆ ಇಡಬೇಡಿ, ಗಾಳಿ ಬಡಿದು ಮಾತೇ ಕೇಳುವುದಿಲ್ಲ. ಕರೆಂಟಿನ ಮೇಲೆ ಭರವಸೆ ಬೇಡ. ದೀಪ, ಮೈಕು ಎರಡೂ ಯುಪಿಎಸ್ ಮೇಲಿರಲಿ.

ಹೆಚ್ಚು ಎಡವುವುದು ಪುಸ್ತಕದ ವಿಷಯದಲ್ಲೇ. ಕಾರ್ಯಕ್ರಮ ಸಾರುವ ಮುಂಚೆ ಪ್ರಕಾಶಕರಿಗೆ ಫೋನ್ ಮಾಡಿ ಪ್ರತಿ ಉಳಿದಿವೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಕನ್ನಡ ಪುಸ್ತಕದ ಮುದ್ರಣ ಐನೂರು, ಸಾವಿರ ಪ್ರತಿಯದು, ಮುಗಿದರೆ ಮರುಮುದ್ರಣಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಲವತ್ತು ಜನ ಬರುವ ಅಂದಾಜಿದ್ದರೆ ಹೊಸ ಪುಸ್ತಕ ಇಪ್ಪತ್ತೈದು, ಅದೇ ಲೇಖಕರ ಹಳೆಯವು ತಲಾ ಐದು ತರಿಸಿ. ಮಾರದೆ ಉಳಿದದ್ದನ್ನು ವಾಪಸು ತೆಗೆದುಕೊಳ್ಳುವ ಮಾತು ಮೊದಲೇ ಆಗಿರಲಿ, ಬರವಣಿಗೆಯಲ್ಲಿರಲಿ. ಪಾರ್ಸೆಲ್ ಒಂದು ವಾರ ಮುಂಚೆ ಕೈಸೇರಬೇಕು. ಕಟ್ಟು ಬಿಚ್ಚಿ ಒಂದೊಂದನ್ನೂ ತಿರುವಿ ನೋಡಿ: ಫಾರಂ (ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಉಲ್ಟಾ ಬಿದ್ದ ಪ್ರತಿ, ನಡುವೆ ಖಾಲಿ ಪುಟದ ಪ್ರತಿ ಸಿಗುತ್ತವೆ, ಅವು ಓದುಗರ ಕೈಗೆ ಹೋಗಬಾರದು.

ಆಮೇಲೆ ಗೌರವ ಪ್ರತಿ. ಸ್ವಂತ ಊರೆಂಬ ಪ್ರೀತಿಗೆ ಲೇಖಕರು ಚೀಲದಿಂದ ತೆಗೆದು ತೆಗೆದು ಕೊಡುತ್ತಾರೆ, ಇಲ್ಲವೆ ಅರ್ಧ ಬೆಲೆಗೆ ಮಾರುತ್ತಾರೆ. ಇದರಿಂದ ಅಂಗಡಿಗೆ ಬೀಳುವ ಪೆಟ್ಟು ದೊಡ್ಡದು, ಏಕೆಂದರೆ ಆ ಐವತ್ತು ಜನರೇ ಅಂಗಡಿಯ ಗಿರಾಕಿಗಳು. ಇನ್ನೂರು ರೂಪಾಯಿ ಪುಸ್ತಕಕ್ಕೆ ಪ್ರಕಾಶಕರಿಂದ ಶೇ. 35 ರಿಯಾಯಿತಿ ಸಿಕ್ಕರೆ ಅಂಗಡಿಗೆ ಉಳಿಯುವುದು ಪ್ರತಿಗೆ ಎಪ್ಪತ್ತು ರೂಪಾಯಿ, ಇಪ್ಪತ್ತು ಪ್ರತಿ ಹೋದರೆ ಸಾವಿರದ ನಾನೂರು. ಅದರಲ್ಲೇ ಮೈಕು, ಚಹ, ಬಾಡಿಗೆ ಕುರ್ಚಿ. ಹೀಗಾಗಿ ಅಂಗಡಿಯೊಳಗೆ ಅಂಗಡಿಯವರ ಬಿಲ್ಲಿನಲ್ಲೇ ಮಾರಾಟ ಎಂದು ಲೇಖಕರಿಗೆ ಕರೆಯುವಾಗಲೇ ವಿನಯದಿಂದ ಹೇಳಿಬಿಡಿ.

ಆ ಸಾವಿರದ ನಾನೂರರಲ್ಲಿ ಲೇಖಕರ ಪ್ರಯಾಣದ ಖರ್ಚು ಹುಟ್ಟುವುದಿಲ್ಲ. ಅಮೆರಿಕದಲ್ಲಿ ಲೇಖಕರು ಒಂದೇ ಪ್ರವಾಸದಲ್ಲಿ ಹಲವು ಊರು ಮುಗಿಸುತ್ತಾರೆ, ಇದನ್ನು ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಬಳ್ಳಾರಿಯಲ್ಲಿ ಇಳಿಯುತ್ತಾರೆ. ಅದೇ ದಾರಿಯಲ್ಲಿ ಮುಂದೆ ಹೊಸಪೇಟೆ, ಕೊಪ್ಪಳ. ಶನಿವಾರ ಸಂಜೆ ಬಳ್ಳಾರಿ, ಭಾನುವಾರ ಬೆಳಗ್ಗೆ ಹೊಸಪೇಟೆ, ಸಂಜೆ ಕೊಪ್ಪಳ ಎಂದು ಮೂರು ಅಂಗಡಿಯವರು ಕೂಡಿ ಕರೆದರೆ ಖರ್ಚು ಮೂವರಲ್ಲಿ ಹಂಚಿಹೋಗುತ್ತದೆ. ರಾಯಚೂರು ಬೇರೆ ರೈಲುಮಾರ್ಗದ್ದು, ಅವರು ಕಲಬುರಗಿಯವರ ಜೊತೆ ಸೇರಿಕೊಂಡರೆ ಸಲೀಸು.

ವೇದಿಕೆಗೆ ಎರಡೇ ಕುರ್ಚಿ ಎಂಬಲ್ಲಿ ನಾನು ಹಟ ಹಿಡಿಯುತ್ತೇನೆ. ಮಾತಾಡಿಸುವವರಿಗೆ ಮೂರು ವಾರ ಮುಂಚೆ ಪುಸ್ತಕ ಕೊಡಿ. ಪಿಯು ಕಾಲೇಜಿನ ಉಪನ್ಯಾಸಕರಾಗಲಿ, ಬ್ಯಾಂಕಿನವರಾಗಲಿ, ಓದಿದವರಾದರೆ ಸಾಕು. ಪ್ರಶ್ನೆ ಕೇಳುವವರಿಗೆ ಮೈಕು ಕೊಟ್ಟರೆ ಅದು ಭಾಷಣವಾಗುತ್ತದೆ, ಆದ್ದರಿಂದ ಅಂಗಡಿಯವರೇ ಮೈಕು ಹಿಡಿದುಕೊಂಡು ಅವರ ಬಾಯಿ ಹತ್ತಿರ ಒಯ್ಯಬೇಕು. ಜೊತೆಗೆ ಚೀಟಿ-ಪೆನ್ನು ಹಂಚಿ. ಎದ್ದು ನಿಂತು ಕೇಳಲು ಹಿಂಜರಿಯುವ ಹೆಣ್ಣುಮಕ್ಕಳ, ವಿದ್ಯಾರ್ಥಿಗಳ ಪ್ರಶ್ನೆಗಳು ಚೀಟಿಯಲ್ಲಿ ಬರುತ್ತವೆ, ಒಳ್ಳೆಯ ಪ್ರಶ್ನೆಗಳು ಹೆಚ್ಚಾಗಿ ಅವೇ.

ಸಹಿಯ ಸಾಲಿಗೆ ಅಮೆರಿಕದ ಅಂಗಡಿಯವರ ಒಂದು ಸಣ್ಣ ಉಪಾಯ ಬಹಳ ಉಪಯೋಗದ್ದು. ಸಾಲಿನಲ್ಲಿ ನಿಂತವರ ಹೆಸರನ್ನು ಒಬ್ಬ ಹುಡುಗ ಅಂಟುಚೀಟಿಯಲ್ಲಿ ಬರೆದು ಶೀರ್ಷಿಕೆ ಪುಟಕ್ಕೆ ಹಚ್ಚುತ್ತಾ ಬರುತ್ತಾನೆ. ಲೇಖಕರು ಚೀಟಿ ನೋಡಿ ಬರೆಯುತ್ತಾರೆ. ಚನ್ನಬಸವನೋ ಚೆನ್ನಬಸವನೋ ಎಂಬ ಗೊಂದಲವಿಲ್ಲ, ಬಳ್ಳಾರಿಯ ತೆಲುಗು, ಉರ್ದು ಮನೆಗಳ ಹೆಸರೂ ತಪ್ಪುವುದಿಲ್ಲ. ಜೆಲ್ ಪೆನ್ನಿನಲ್ಲಿ ಸಹಿ ಮಾಡಿದ ಕೂಡಲೇ ಮುಚ್ಚಿದರೆ ಎದುರು ಪುಟಕ್ಕೆ ಮಸಿ ಹತ್ತುತ್ತದೆ. ಬಾಲ್ ಪೆನ್ನು ಇಡಿ.

ತಿಂಡಿ ಸಹಿ ಆದಮೇಲೆಯೇ. ಮಂಡಾಳ ಒಗ್ಗರಣೆ, ಮಿರ್ಚಿ ಇಲ್ಲದೆ ನಮ್ಮ ಕಡೆ ಸಂಜೆ ಕಳೆಗಟ್ಟದು, ಸರಿ. ಆದರೆ ಮಿರ್ಚಿ ಮುಟ್ಟಿದ ಬೆರಳು ರ್‍ಯಾಕಿನತ್ತ ಹೋದರೆ ಒಂದು ರಕ್ಷಾಪುಟಕ್ಕೆ ನಾಲ್ಕು ಎಣ್ಣೆಕಲೆ. ತಟ್ಟೆ ಹೊರಗಿನ ಕಟ್ಟೆಯ ಮೇಲಿರಲಿ. ಸಿಯಾಟಲ್‌ನಲ್ಲಿ ಸಹಿ ಮುಗಿದರೆ ಜನ ಚದುರುತ್ತಾರೆ, ಓದುಗರ ಪಕ್ಕದಲ್ಲಿ ಕೂತ ಓದುಗರು ಅಪರಿಚಿತರಾಗಿಯೇ ಉಳಿಯುತ್ತಾರೆ. ನಮ್ಮಲ್ಲಿ ಆ ಕಟ್ಟೆಯ ಮಾತೇ ಅರ್ಧ ಕಾರ್ಯಕ್ರಮ, ಅದನ್ನು ಕಳೆದುಕೊಳ್ಳಬಾರದು. ಓದುವ ರೀತಿಯೂ ಹಾಗೇ: ಅಲ್ಲಿ ಕವಿತೆಯನ್ನು ಗದ್ಯದಂತೆ ಓದಿ ಮುಗಿಸುವವರೇ ಹೆಚ್ಚು, ಕವಿ ಶಾಂತರಸರ ಕನ್ನಡ ಗಜಲು ಹುಟ್ಟಿದ ರಾಯಚೂರಿನಲ್ಲಿ ಹಾಡುವವರಿಗೆ ಹತ್ತು ನಿಮಿಷ ಮೀಸಲಿಡಲೇಬೇಕು.

ಲೇಖಕರು ವರ್ಷಕ್ಕೆ ನಾಲ್ಕು ಸಲ ಬಂದಾರು. ಉಳಿದ ತಿಂಗಳು ಜನ ಬರಬೇಕೆಂದರೆ ದಿನ ತಪ್ಪದ ಓದುಗೂಟ ಬೇಕು, ಎರಡನೇ ಭಾನುವಾರವೆಂದರೆ ಎರಡನೇ ಭಾನುವಾರವೇ. ಮೂರು ತಿಂಗಳ ಪುಸ್ತಕ ಮುಂಚೆಯೇ ಗೊತ್ತುಮಾಡಿ ತಲಾ ಹತ್ತು ಪ್ರತಿ ತರಿಸಿಡಿ. ಮಕ್ಕಳಿಗೆ ಬೆಳಗ್ಗೆ ಅರ್ಧ ಗಂಟೆ, ಮೂರೇ ಕಥೆ; ಬಳ್ಳಾರಿಯಲ್ಲಾದರೆ ಒಂದು ತೆಲುಗಿನಲ್ಲೂ ಇರಲಿ. ಲೇಖಕರು ಹೊರಡುವ ಮುನ್ನ ಐದು ಪ್ರತಿಗೆ ಬರೀ ಸಹಿ ಹಾಕಿಸಿ ಗಲ್ಲಾದ ಪಕ್ಕ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ, ಸಹಿ ಬಿದ್ದ ಪ್ರತಿಯನ್ನು ಪ್ರಕಾಶಕರು ವಾಪಸು ಪಡೆಯಲು ಒಪ್ಪದಿರಬಹುದು.