‘ಬ್ಲೇಡ್ ರನ್ನರ್’ ಚಿತ್ರದ ತಪ್ಪುಗಳನ್ನು 25 ವರ್ಷದ ಮೇಲೆ ತಿದ್ದಿದ್ದು ಸರಿಯೇ?

ಪರ: ಮರೆತದ್ದನ್ನು ತಿದ್ದಿದರು, ಬೇಕೆಂದೇ ಬಿಟ್ಟದ್ದನ್ನು ಮುಟ್ಟಲಿಲ್ಲ

ಲೆಕ್ಕದಿಂದಲೇ ಶುರು ಮಾಡೋಣ. 1982ರಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಪೊಲೀಸ್ ಅಧಿಕಾರಿ ಬ್ರಯಂಟ್ ಕೇಸಿನ ವಿವರ ಕೊಡುತ್ತಾನೆ. ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳಾದ ಆರು ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡು ಭೂಮಿಗೆ ಬಂದಿದ್ದಾರೆ, ಮೂವರು ಗಂಡು, ಮೂವರು ಹೆಣ್ಣು. ತಮ್ಮನ್ನು ತಯಾರಿಸಿದ ಟೈರೆಲ್ ಕಂಪನಿಗೆ ನುಗ್ಗಲು ಹೋಗಿ ಒಬ್ಬರು ಕರೆಂಟಿಗೆ ಸಿಕ್ಕಿ ಸುಟ್ಟುಹೋದರು. ಅಲ್ಲಿಗೆ ಉಳಿಯಬೇಕಾದವರು ಐವರು. ತೆರೆಯ ಮೇಲೆ ಬರುವವರು ಮಾತ್ರ ನಾಲ್ವರು: ರಾಯ್, ಲಿಯಾನ್, ಝೋರಾ, ಪ್ರಿಸ್. ಐದನೆಯವರ ಸುದ್ದಿಯನ್ನು ಚಿತ್ರ ಮುಗಿಯುವವರೆಗೂ ಯಾರೂ ಎತ್ತುವುದಿಲ್ಲ.

ಇದರಲ್ಲಿ ನಿಗೂಢವೇನೂ ಇಲ್ಲ. ಚಿತ್ರಕಥೆಯಲ್ಲಿ ಮೇರಿ ಎಂಬ ಇನ್ನೊಬ್ಬ ರೆಪ್ಲಿಕಂಟ್ ಇದ್ದಳು, ಪಾತ್ರಕ್ಕೆ ನಟಿಯೂ ಗೊತ್ತಾಗಿದ್ದಳು. ಬಜೆಟ್ ಸಾಲದೆ ಪಾತ್ರಕ್ಕೆ ಕತ್ತರಿ ಬಿತ್ತು, ಸಂಭಾಷಣೆಯಲ್ಲಿದ್ದ ಅಂಕಿ ಹಾಗೇ ಉಳಿಯಿತು. ಅದು ತಪ್ಪು ಎನ್ನುವುದಕ್ಕೆ ಚಿತ್ರದೊಳಗೇ ಸಾಕ್ಷಿಯಿದೆ. ಝೋರಾ ಸತ್ತ ಮೇಲೆ ಬ್ರಯಂಟ್ ‘ಇನ್ನು ನಾಲ್ಕು’ ಎನ್ನುತ್ತಾನೆ, ಅವರನ್ನು ಬೇಟೆಯಾಡುವ ನಾಯಕ ಡೆಕರ್ಡ್ ‘ಮೂರು’ ಎಂದು ತಿದ್ದುತ್ತಾನೆ. ಆಗ ಬ್ರಯಂಟ್ ಟೈರೆಲ್ ಕಂಪನಿಯಲ್ಲೇ ಇದ್ದ ರೆಪ್ಲಿಕಂಟ್ ರೇಚಲ್‌ಳನ್ನೂ ಪಟ್ಟಿಗೆ ಸೇರಿಸಿ ನಾಲ್ಕು ಮಾಡುತ್ತಾನೆ. ಅಂದರೆ ಮೊದಲು ಇದ್ದವರು ನಾಲ್ವರೇ ಎಂಬುದನ್ನು ಪಾತ್ರಗಳೇ ಒಪ್ಪಿಕೊಂಡಂತಾಯಿತು. ತಿದ್ದಿ ಬಿಡುಗಡೆ ಮಾಡಿದ 2007ರ ‘ಫೈನಲ್ ಕಟ್’ ಆವೃತ್ತಿಯಲ್ಲಿ ಸುಟ್ಟುಹೋದವರು ಒಬ್ಬರಲ್ಲ, ಇಬ್ಬರು ಎಂದು ಮಾಡಿದರು. ಒಂದು ಪದ ಬದಲಾಯಿತು, ಲೆಕ್ಕ ಸರಿಹೋಯಿತು.

ಈ ತಪ್ಪು ಲೆಕ್ಕವನ್ನೇ ಹಿಡಿದುಕೊಂಡು ‘ಕಾಣೆಯಾದ ಆರನೆಯವನೇ ಡೆಕರ್ಡ್’ ಎಂದು ವಾದ ಕಟ್ಟಿದವರಿಗೆ ಇದರಿಂದ ಬೇಸರವಾಗಿದೆ. ಆಗಲಿ. ಡೆಕರ್ಡ್ ಮನುಷ್ಯನೋ ಅಲ್ಲವೋ ಎಂಬುದು ನಿರ್ದೇಶಕ ರಿಡ್ಲಿ ಸ್ಕಾಟ್ ಬೇಕೆಂದೇ ಬಿಟ್ಟ ಪ್ರಶ್ನೆ. ಅದು ನಿಂತಿರುವುದು 1992ರ ‘ಡೈರೆಕ್ಟರ್ಸ್ ಕಟ್’ನಲ್ಲಿ ಸೇರಿದ ಯುನಿಕಾರ್ನ್ ಕನಸಿನ ಮೇಲೆ ಮತ್ತು ಕೊನೆಯಲ್ಲಿ ಪೊಲೀಸ್ ಗ್ಯಾಫ್ ಬಿಟ್ಟುಹೋಗುವ ಕಾಗದದ ಯುನಿಕಾರ್ನ್ ಮೇಲೆ. ಗ್ಯಾಫ್‌ಗೆ ಆ ಕನಸು ಹೇಗೆ ಗೊತ್ತು ಎಂಬುದಕ್ಕೆ 2007ರಲ್ಲೂ ಉತ್ತರ ಕೊಟ್ಟಿಲ್ಲ. ಪ್ರಶ್ನೆ ಇನ್ನೂ ಹಾಗೇ ಇದೆ, ಕೂಡು-ಕಳೆಯುವಿಕೆಯ ತಪ್ಪು ಮಾತ್ರ ಹೋಗಿದೆ.

ಇನ್ನು ಝೋರಾ ಸಾಯುವ ದೃಶ್ಯ. ಪಾರದರ್ಶಕ ರೇನ್‌ಕೋಟ್ ತೊಟ್ಟು ಒಂದರ ಹಿಂದೊಂದು ಗಾಜು ಒಡೆದುಕೊಂಡು ಓಡುವವಳು ಡ್ಯೂಪ್. ಸಾಮಾನ್ಯ ವೇಗದಲ್ಲಿ ಡ್ಯೂಪ್‌ನ ಮುಖ ಕಣ್ಣಿಗೆ ಸಿಗುವ ಮೊದಲೇ ಶಾಟ್ ಮುಗಿದಿರುತ್ತದೆ. ಇಲ್ಲಿ ಸ್ಲೋ ಮೋಷನ್ ಬೇಕಿತ್ತು. ಹಾಗಾಗಿ ಕ್ಷಣದಲ್ಲಿ ಸರಿದುಹೋಗಬೇಕಾದ ಮುಖ ನಿಧಾನವಾಗಿ ತೆರೆ ದಾಟುತ್ತದೆ, ತಲೆಗೆ ಹೊಂದದ ವಿಗ್ ಸಮೇತ. ಚಿತ್ರದ ಅತ್ಯಂತ ನೋವಿನ ಸಾವಿನಲ್ಲಿ ಕಣ್ಣು ವಿಗ್ ಮೇಲೆ ಹೋಗಿ ಕೂರುತ್ತದೆ. ತಿದ್ದುವಾಗ ನಟಿ ಜೊವಾನಾ ಕ್ಯಾಸಿಡಿ ಅವರನ್ನೇ ಕರೆಸಿ, ಗ್ರೀನ್ ಮ್ಯಾಟ್ ಮುಂದೆ ಡ್ಯೂಪ್‌ನ ತಲೆ ಆಡಿದಂತೆಯೇ ತಲೆ ಆಡಿಸಿ ಶೂಟ್ ಮಾಡಿ, ಆ ತಲೆಯನ್ನು ಹಳೆಯ ಶಾಟ್‌ನ ಮೈಗೆ ಕೂರಿಸಿದರು. ಕೇಳುವುದಕ್ಕೆ ಸುಲಭ, ಮಾಡಲು ಕಷ್ಟ. ನಿಯಾನ್ ದೀಪಗಳ ಬಣ್ಣ ಮುಖದ ಮೇಲೆ ಹಳೆಯ ಶಾಟ್‌ನಲ್ಲಿ ಬಿದ್ದ ಕಡೆಯಿಂದಲೇ ಬೀಳಬೇಕು. ಮುಖದ ಮುಂದೆ ಹಾದುಹೋಗುವ ಗಾಜಿನ ಚೂರನ್ನು ಬೇರೆ ಪದರ ಮಾಡಿ ಮೇಲೆ ಇಡಬೇಕು. ಫಿಲ್ಮಿನ ಗ್ರೇನ್ ಸೇರಿಸದಿದ್ದರೆ ತಲೆ ಮಾತ್ರ ಹೊಸದಾಗಿ ಹೊಳೆಯುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೇ ಈಗ ಆ ಸಾವು ಝೋರಾಳದ್ದು ಅನ್ನಿಸುತ್ತದೆ.

ರಾಯ್‌ನ ಮೊದಲ ದರ್ಶನದಲ್ಲೂ ಇಂಥದ್ದೇ ಒಂದು ತೇಪೆಯಿತ್ತು. ಫೋನ್ ಬೂತ್‌ನಲ್ಲಿರುವ ಅವನ ಮುಖದ ಶಾಟ್ ಒಂದನ್ನು, ಮುಂದೆ ಟೈರೆಲ್‌ನನ್ನು ಭೇಟಿಯಾಗುವ ದೃಶ್ಯದಿಂದ ಎತ್ತಿ ಹಾಕಿದ್ದರು. ಒಬ್ಬನೇ ಇರುವವನ ಭುಜದ ಮೇಲೆ ಟೈರೆಲ್‌ನ ಹೆಬ್ಬೆರಳು! ಅದನ್ನು ಅಳಿಸಿ ಹಿನ್ನೆಲೆಗೆ ಬೂತ್ ತಂದರು. ಕೊನೆಯಲ್ಲಿ, ರಾತ್ರಿಯ ಮಳೆಯಲ್ಲಿ ರಾಯ್ ಕೈಬಿಟ್ಟ ಪಾರಿವಾಳ ಹಾಡುಹಗಲಿನ ನೀಲಿ ಆಕಾಶಕ್ಕೆ ಹಾರುತ್ತಿತ್ತು. ಈಗ ಆ ಆಕಾಶವೂ ಆ ಊರಿನದೇ.

ಸ್ಪಿನ್ನರ್ ಎಂಬ ಹಾರುವ ಕಾರನ್ನು ಕ್ರೇನ್‌ನಿಂದ ಎತ್ತುವ ವೈರ್‌ಗಳ ಮಾತೂ ಹೀಗೇ. 1982ರ ಪ್ರೇಕ್ಷಕರು ನೋಡಿದ್ದು ಮೂಲ ನೆಗೆಟಿವ್ ಅಲ್ಲ, ಅದರ ಪ್ರತಿಯ ಪ್ರತಿ. ಪ್ರತಿ ತೆಗೆದಂತೆಲ್ಲ ವಿವರ ಮಸುಕಾಗುತ್ತದೆ, ತೆಳ್ಳನೆಯ ವೈರ್ ಅದರಲ್ಲಿ ಅರ್ಧ ಮುಚ್ಚಿಹೋಗುತ್ತದೆ. 2007ಕ್ಕೆ ಮೂಲದಿಂದಲೇ 4ಕೆ, 65 ಎಂಎಂ ಎಫೆಕ್ಟ್ ಶಾಟ್‌ಗಳನ್ನು 8ಕೆ ಸ್ಕ್ಯಾನ್ ಮಾಡಿದರು. ಹಾಗೆ ಮಾಡಿ ವೈರ್ ಬಿಟ್ಟಿದ್ದರೆ, ಅಂದು ಯಾರೂ ಅಷ್ಟು ಸ್ಪಷ್ಟವಾಗಿ ನೋಡದ ತಪ್ಪನ್ನು ಇಂದು ಭೂತಗನ್ನಡಿ ಹಿಡಿದು ತೋರಿಸಿದಂತಾಗುತ್ತಿತ್ತು.

‘ಇತಿಹಾಸ ಅಳಿಸಿದರು’ ಎಂಬ ಕೂಗು ಏಳುತ್ತದೆ. ಏನನ್ನೂ ಅಳಿಸಿಲ್ಲ. ಅದೇ ವರ್ಷ ಬಂದ ಐದು ಡಿಸ್ಕ್‌ಗಳ ಸೆಟ್‌ನಲ್ಲಿ ವರ್ಕ್‌ಪ್ರಿಂಟ್‌ನಿಂದ (ಬಿಡುಗಡೆಗೆ ಮುಂಚಿನ ಪ್ರತಿ) ಹಿಡಿದು ಐದು ಆವೃತ್ತಿಗಳೂ ಇದ್ದವು. ವಿಗ್ ಬೇಕೆಂದವರಿಗೆ ವಿಗ್ ಇದೆ. ಒಂದು ಬೈಗುಳ ಹೋಯಿತು, ಬಣ್ಣ ಹಸಿರಾಯಿತು ಎಂಬ ಗೊಣಗಾಟ ಬೇರೆ ಚರ್ಚೆ. ಲೆಕ್ಕ ತಪ್ಪಿತ್ತು, ಸರಿ ಮಾಡಿದರು, ಅಷ್ಟೇ.

ವಿರೋಧ: ತಿದ್ದುಪಡಿ ಎಂಬ ಹೆಸರಲ್ಲಿ ಬಂದದ್ದೆಲ್ಲ ತಿದ್ದುಪಡಿಯಲ್ಲ

ಈ ಬದಿಯನ್ನು ನನ್ನ ಪಾಲಿಗೆ ಹಾಕಿದ್ದಾರೆ, ಆದಷ್ಟು ಬರೆಯುತ್ತೇನೆ. ವಿಗ್ ಬಗ್ಗೆ ನನ್ನ ತಕರಾರಿಲ್ಲ. ಹೆಬ್ಬೆರಳೂ ಹೋಗಲಿ.

ತಕರಾರಿರುವುದು ಎದುರಿನವರು ‘ಬೇರೆ ಚರ್ಚೆ’ ಎಂದು ಬದಿಗೆ ಸರಿಸಿದ ಜಾಗದಲ್ಲಿ. ರಾಯ್ ತನ್ನನ್ನು ಸೃಷ್ಟಿಸಿದ ಟೈರೆಲ್‌ನ ಎದುರು ನಿಂತು ಹೆಚ್ಚಿನ ಆಯುಷ್ಯ ಕೇಳುತ್ತಾನೆ. 1982ರಲ್ಲಿ ಆ ಮಾತು ಒಂದು ಹಸಿ ಬೈಗುಳದಿಂದ ಮುಗಿಯುತ್ತಿತ್ತು, 2007ರಲ್ಲಿ ‘ಅಪ್ಪಾ’ ಎಂದು ಮುಗಿಯುತ್ತದೆ. ಇದರ ಬೆನ್ನಿಗೇ ಅವನು ಟೈರೆಲ್‌ಗೆ ಮುತ್ತಿಟ್ಟು, ಕಣ್ಣು ಒತ್ತಿ ಕೊಲ್ಲುತ್ತಾನೆ. ಬೈದು ಬಂದವನ ಮುತ್ತು ನೋಡುವವನನ್ನು ಬೆಚ್ಚಿಬೀಳಿಸುತ್ತದೆ. ಅಪ್ಪಾ ಎಂದವನದು ಮೊದಲೇ ಗೊತ್ತಾಗಿಬಿಡುತ್ತದೆ. ಇಲ್ಲಿ ಯಾವ ಲೆಕ್ಕ ತಪ್ಪಿತ್ತು? ವೈರ್ ಅಳಿಸಿದ ಕೈಯೇ ಇದನ್ನೂ ಬದಲಿಸಿತು, ಒಂದೇ ಪೆಟ್ಟಿಗೆಯಲ್ಲಿ ಒಂದೇ ಹೆಸರಿನಡಿ ಮಾರಿತು. ಎರಡನ್ನೂ ಬೇರೆ ಮಾಡಿ ನೋಡುವ ದಾರಿ ಮೊದಲ ಸಲ ನೋಡುವವರಿಗಿಲ್ಲ. ಐದು ಡಿಸ್ಕ್‌ಗಳಿದ್ದವು ನಿಜ, ಐದನ್ನೂ ಕೂತು ನೋಡುವವರು ನಮ್ಮಂಥವರು ಮಾತ್ರ.

ಹಾವಿನ ವ್ಯಾಪಾರಿ ಹಸನ್‌ನ ಅಂಗಡಿಯ ದೃಶ್ಯವನ್ನು ಎದುರಿನವರು ಎತ್ತಲೇ ಇಲ್ಲ. ಚಿತ್ರೀಕರಣದ ನಂತರ ಸಂಭಾಷಣೆ ಬದಲಾಗಿ ಡೆಕರ್ಡ್ ಪಾತ್ರದ ಹ್ಯಾರಿಸನ್ ಫೋರ್ಡ್ ತುಟಿಗೂ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಪರಿಹಾರವಾಗಿ ಅವರ ಮಗ ಬೆನ್ ಫೋರ್ಡ್ ಅವರನ್ನು ಕರೆಸಿ, ಆ ಮಾತು ಆಡಿಸಿ, ಬಾಯಿಯ ಭಾಗವನ್ನು ತಂದೆಯ ಮುಖಕ್ಕೆ ಅಂಟಿಸಿದರು. ಜಾಣ ಕೆಲಸ, ಒಪ್ಪುತ್ತೇನೆ. ಆದರೆ ಆಗ ತೆರೆಯ ಮೇಲೆ ನಟಿಸುತ್ತಿರುವವರು ಯಾರು?

ತಪ್ಪೆಂದರೆಲ್ಲ ತಿದ್ದಬೇಕು ಎನ್ನುವವರು ಪ್ಯಾನ್ ಆಮ್ ಫಲಕವನ್ನೂ ಕಿತ್ತುಹಾಕಲಿ. ಆ ವಿಮಾನ ಕಂಪನಿ 1991ರಲ್ಲೇ ಮುಚ್ಚಿತು, ಚಿತ್ರದ ಕಥೆ ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ.

ಇಷ್ಟಾಗಿಯೂ ದೊಡ್ಡ ತೂತುಗಳಿಗೆ ಯಾರೂ ಕೈ ಹಾಕಿಲ್ಲ. ಬ್ರಯಂಟ್ ಬಳಿ ತಪ್ಪಿಸಿಕೊಂಡವರ ಮುಖಚಿತ್ರಗಳಿವೆ, ಡೆಕರ್ಡ್‌ಗೆ ತೋರಿಸುತ್ತಾನೆ. ಹಾಗಿದ್ದರೆ ಆರಂಭದಲ್ಲಿ ಲಿಯಾನ್‌ನನ್ನು ಎದುರು ಕೂರಿಸಿಕೊಂಡ ಪೊಲೀಸ್ ಹೋಲ್ಡನ್, ಫೋಟೊ ನೋಡುವುದು ಬಿಟ್ಟು, ರೆಪ್ಲಿಕಂಟ್ ಹೌದೋ ಅಲ್ಲವೋ ಎಂದು ತಿಳಿಯಲು ಪ್ರಶ್ನೆ ಕೇಳುವ ಕಣ್ಣಿನ ಪರೀಕ್ಷೆ ಮಾಡುತ್ತಾ ಗುಂಡೇಟು ತಿಂದದ್ದೇಕೆ? ಆ ಪರೀಕ್ಷೆಗೆ ಸಾಮಾನ್ಯವಾಗಿ 20-30 ಪ್ರಶ್ನೆ ಬೇಕು, ರೇಚಲ್‌ಗೆ ನೂರಕ್ಕೂ ಹೆಚ್ಚು ಬೇಕಾಯಿತು. ಅದೇ ಚಿತ್ರದಲ್ಲಿ ಲಿಯಾನ್ ಕೊರೆಯುವ ದ್ರವಕ್ಕೆ ಬರಿಗೈ ಇಳಿಸುತ್ತಾನೆ, ಪ್ರಿಸ್ ಕುದಿಯುವ ನೀರಿನಿಂದ ಮೊಟ್ಟೆ ಎತ್ತುತ್ತಾಳೆ, ಇಬ್ಬರಿಗೂ ಏನೂ ಆಗುವುದಿಲ್ಲ. ಅವರಂಥವರನ್ನು ಹಿಡಿಯಲು ಒಂದು ಪಾತ್ರೆ ಬಿಸಿನೀರು ಸಾಕಿತ್ತು.

ಇನ್ನೊಂದು, ಅಂಕಿಯ ಮೇಲೆ ಇಷ್ಟು ಪ್ರೀತಿಯಿರುವ ಎದುರಿನವರಿಗೆ. ಬ್ರಯಂಟ್‌ನ ತೆರೆಯಲ್ಲಿ ಕಾಣುವಂತೆ ರಾಯ್ ಹುಟ್ಟಿದ್ದು 8 ಜನವರಿ 2016. ಆಯುಷ್ಯ ನಾಲ್ಕು ವರ್ಷ. 2019ರ ನವೆಂಬರ್‌ನಲ್ಲಿ ಅವನ ಕೈ ಮರಗಟ್ಟುತ್ತದೆ, ಮೊಳೆ ಚುಚ್ಚಿಕೊಂಡು ಅದನ್ನು ಎಚ್ಚರಿಸಿಕೊಳ್ಳುತ್ತಾನೆ, ಮಳೆಯಲ್ಲಿ ಕೂತು ಸಾಯುತ್ತಾನೆ. ನಾಲ್ಕು ವರ್ಷ ತುಂಬಲು ಇನ್ನೂ ಸುಮಾರು ಎರಡು ತಿಂಗಳಿತ್ತು. ಪರದೆಯ ಮೇಲಿನ ತಿಂಗಳು, ಇಸವಿ ಬದಲಿಸಿದರೆ ಆಗುತ್ತಿತ್ತು, ಬದಲಿಸಲಿಲ್ಲ. ಇದು ಮರೆತದ್ದೋ, ಬೇಕೆಂದೇ ಬಿಟ್ಟದ್ದೋ, ಪರ ಬರೆದವರೇ ಹೇಳಲಿ.